ಅಪ್ಪನನ್ನು ನರಕದಲ್ಲಿ ಕಂಡೆ ಎಂದ ವರ್ಷ

ನನ್ನ ಬಾಯಲ್ಲಿ ಮುಂದಿನ ಎರಡು ಹಲ್ಲು ಇಲ್ಲ. ಮುರಿದಿದ್ದು ಕಾಯಿಲೆ ಅಲ್ಲ, ಉಪಕಾರ ಮಾಡೋಕೆ ಬಂದ ಜನ. ಫಿಟ್ಸ್ ಬಂದವನ ಬಾಯಿಗೆ ಏನಾದರೂ ತುರುಕಬೇಕು ಅಂತ ನಮ್ಮ ಕಡೂರಿನಲ್ಲಿ ಎಲ್ಲರಿಗೂ ಯಾರೋ ಹೇಳಿಕೊಟ್ಟಿರ್ತಾರೆ. ನನಗೆ ತುರುಕಿದ್ದು ನನ್ನದೇ ಅಂಗಡಿಯ ಸುತ್ತಿಗೆ ಹಿಡಿ. ಇದನ್ನು ಓದುವವರ ಮನೆಯಲ್ಲಿ ಈ ಕಾಯಿಲೆಯವರು ಇದ್ದರೆ ಬೇರೇನೂ ನೆನಪಿಟ್ಟುಕೊಳ್ಳದಿದ್ದರೂ ಪರವಾಗಿಲ್ಲ, ಇಷ್ಟು ನೆನಪಿಟ್ಟುಕೊಳ್ಳಿ: ಬಾಯಿಗೆ ಏನೂ ಹಾಕಬೇಡಿ, ಕೈಕಾಲು ಅದುಮಬೇಡಿ, ಮಗ್ಗುಲಿಗೆ ಹೊರಳಿಸಿ ಪಕ್ಕದಲ್ಲಿ ಸುಮ್ಮನೆ ಕೂತಿರಿ. ಸುಮ್ಮನೆ ಕೂರೋದು ಎಷ್ಟು ಕಷ್ಟ ಅಂತ ನಮ್ಮ ಮನೆಯವರನ್ನು ನೋಡಿ ನಂಗೆ ಗೊತ್ತು.

ನಾನು ಚೌರಪ್ಪ. ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೀನಿ. ಬೋರ್‌ವೆಲ್ಲಿನ ಮೋಟರ್ ಸುಟ್ಟುಹೋದರೆ ರೈತರು ಹೊತ್ತು ತರ್ತಾರೆ. ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹೊಯ್ದು ಒಣಗಿಸಿ ಕೊಡೋದು ನನ್ನ ಕೆಲಸ. ಸುಟ್ಟ ವೈಂಡಿಂಗಿನ ವಾಸನೆ ನನಗೆ ಅಮ್ಮ ಮಾಡೋ ಸಾರಿನ ವಾಸನೆಯಷ್ಟೇ ಗುರುತು. ನನ್ನ ಕಾಯಿಲೆ ಶುರುವಾಗಿದ್ದೂ ಆ ವಾಸನೆಯಿಂದಲೇ. ಕೂತಲ್ಲೇ ಇದ್ದಕ್ಕಿದ್ದಂತೆ ವಾರ್ನಿಷ್ ಸುಟ್ಟ ವಾಸನೆ ಬರೋದು, ಅದರ ಹಿಂದೆಯೇ ಹೊಟ್ಟೆಯಿಂದ ಗಂಟಲಿಗೆ ಏರೋ ಭಯ. ಯಾಕೆ ಅಂತಿಲ್ಲ, ಯಾರ ಭಯ ಅಂತಿಲ್ಲ. ಅರ್ಧ ನಿಮಿಷಕ್ಕೆ ಎರಡೂ ಹೋಗೋವು.

ಬೇರೆಯವರಾಗಿದ್ದರೆ ಡಾಕ್ಟರ ಹತ್ತಿರ ಹೋಗ್ತಿದ್ದರೋ ಏನೋ. ನಾನು ವೈಂಡಿಂಗ್‌ನವನು, ಎದ್ದು ಮೆಯಿನ್ ಸ್ವಿಚ್ ಆಫ್ ಮಾಡ್ತಿದ್ದೆ. ಆಮೇಲೆ ಅಂಗಡಿಯಲ್ಲಿರೋ ಒಂದೊಂದು ಮೋಟರನ್ನೂ ಮೂಸಿ ನೋಡ್ತಿದ್ದೆ. ಎರಡು ತಿಂಗಳು ಇದೇ ಆಯ್ತು. ಹಿರೇನಲ್ಲೂರಿನ ಗೌಡರೊಬ್ಬರು ಬರೀ ಬೇರಿಂಗ್ ಬದಲಿಸು ಅಂತ ಬಿಟ್ಟುಹೋಗಿದ್ದ ಮೋಟರನ್ನು ಬಿಚ್ಚಿ, ಚೆನ್ನಾಗಿದ್ದ ವೈಂಡಿಂಗನ್ನೆಲ್ಲ ಉಳಿ ಹಾಕಿ ಕಿತ್ತುಬಿಟ್ಟೆ. ವಾಸನೆ ಅದರಿಂದಲೇ ಬಂತು ಅಂತ ನನಗೆ ಖಾತ್ರಿಯಾಗಿತ್ತು.

"ಅಲ್ಲ ಕಣೋ ಚೌರಿ, ಬೇರಿಂಗ್ ಹಾಕು ಅಂದ್ರೆ ಕರುಳೇ ಕಿತ್ತಿದೀಯಲ್ಲೋ. ತಲೆ ನೆಟ್ಟಗಿದೆಯಾ ನಿಂಗೆ?" ಅಂತ ಗೌಡರು ಬೀದಿಗೆ ಕೇಳೋ ಹಂಗೆ ಬೈದರು. ನಾನೂ ಬಾಯಿ ಜೋರು ಮಾಡಿದೆ. ಮಾತು ಮಧ್ಯದಲ್ಲಿದ್ದಾಗಲೇ ಮತ್ತೆ ಆ ವಾಸನೆ ಬಂತು. ಗೌಡರ ಬಾಯಿ ಆಡ್ತಾ ಇದೆ, ಸದ್ದಿಲ್ಲ. ಮತ್ತೆ ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಬಾಯ್ತುಂಬ ರಕ್ತ, ಸುತ್ತಿಗೆ ಹಿಡಿ ತುರುಕಿ ಎರಡು ಹಲ್ಲು ಮುರಿದಿದ್ದರು, ನಾಲಗೆ ಅರ್ಧ ಸೀಳಿತ್ತು, ಕೈಯಲ್ಲಿ ಯಾರೋ ಇಟ್ಟ ಬೀಗದ ಕೈಗೊಂಚಲು, ಮೂಗಿನ ಹತ್ತಿರ ಗೌಡರ ಚಪ್ಪಲಿ. ತಾಮ್ರದ ಚೂರುಗಳ ಮೇಲೆ ಹೊರಳಾಡಿ ಬೆನ್ನೆಲ್ಲ ಹರಿದುಹೋಗಿತ್ತು. ಬೈದಿದ್ದ ಅದೇ ಗೌಡರು ನನ್ನ ತಲೆ ತೊಡೆ ಮೇಲಿಟ್ಟುಕೊಂಡು ಅಳ್ತಾ ಇದ್ದರು.

ಶಿವಮೊಗ್ಗದಲ್ಲಿ ನರದ ಡಾಕ್ಟರ ಹತ್ತಿರ ಕರ್ಕೊಂಡು ಹೋದರು. ಬೆಳಿಗ್ಗೆ ಚೀಟಿ ಬರೆಸಿ ಮಧ್ಯಾಹ್ನದ ತನಕ ಕಾಯಬೇಕು. ನನ್ನ ಬಲಕ್ಕೆ ಅಮ್ಮ ಅನ್ನಮ್ಮ, ಕೈಯಲ್ಲಿ ಜಪಸರ. ಎಡಕ್ಕೆ ಹೆಂಡತಿ ಸ್ಟೆಲ್ಲಾ, ಕಣ್ಣು ಮುಚ್ಚಿಕೊಂಡು ಬಾಯಲ್ಲೇ ಪ್ರಾರ್ಥನೆ. ಇಬ್ಬರೂ ಒಂದೇ ಯೇಸುವನ್ನು ಕರೀತಿದ್ದರು, ಆದರೆ ಒಬ್ಬರ ಪ್ರಾರ್ಥನೆ ಇನ್ನೊಬ್ಬರಿಗೆ ಆಗದು. ನಮ್ಮದು ಅಜ್ಜನ ಕಾಲದಿಂದ ಕಥೋಲಿಕರ ಮನೆ. ಸ್ಟೆಲ್ಲಾನೂ ಹಂಗೇ ಬಂದವಳು. ಆದರೆ ಅವಳ ಅಣ್ಣ ತರೀಕೆರೆಯಲ್ಲಿ ಹಳೇ ಅಕ್ಕಿ ಗಿರಣಿಯೊಂದರಲ್ಲಿ ಪ್ರಾರ್ಥನಾ ಮಂದಿರ ಶುರು ಮಾಡಿದ ಮೇಲೆ ಅವಳು ಆ ಕಡೆ ವಾಲಿದಳು.

ಆವತ್ತು ಬೆಂಚಿನ ಮೇಲೆ ಜಗಳ ಹತ್ತಿದ್ದು ನನ್ನ ಕಾಯಿಲೆ ವಿಷಯಕ್ಕಲ್ಲ, ಸತ್ತ ಅಪ್ಪನ ವಿಷಯಕ್ಕೆ. ಅಮ್ಮ, "ಇವನಿಗೆ ವಾಸಿಯಾದ್ರೆ ನಿಮ್ಮಾವನ ಹೆಸರಲ್ಲಿ ಚರ್ಚಲ್ಲಿ ಇನ್ನೊಂದು ಬಲಿಪೂಜೆ ಕೊಡಿಸ್ತೀನಿ" ಅಂದಳು.

"ಅತ್ತೆ, ಸತ್ತೋರಿಗೆ ಪೂಜೆ ಕೊಡ್ಸಿದ್ರೆ ಏನು ಬಂತು? ಉಸಿರು ನಿಂತ ಕ್ಷಣಕ್ಕೇ ತೀರ್ಮಾನ ಆಗೋಗುತ್ತೆ. ಇರೋದು ಎರಡೇ ಜಾಗ" ಅಂತ ಸ್ಟೆಲ್ಲಾ ಕಣ್ಣು ಬಿಡದೇ ಅಂದಳು.

"ಮೂರು ಕಣೇ. ಮಧ್ಯದಲ್ಲಿ ಒಂದಿದೆ. ಅಲ್ಲೂ ಬೆಂಕಿನೇ, ಆದ್ರೆ ತೊಳೆಯೋ ಬೆಂಕಿ. ಅಲ್ಲಿಂದ ಹೊರಗೆ ಬರಬೋದು. ನಾವಿಲ್ಲಿ ಬೇಡಿಕೊಂಡಷ್ಟೂ ಅವರಿಗೆ ಅಲ್ಲಿ ಬೇಗ ಮುಗಿಯುತ್ತೆ."

"ಅಂಥ ಜಾಗ ಸತ್ಯವೇದದಲ್ಲೇ ಇಲ್ಲ ಅತ್ತೆ."

ಎದುರು ಬೆಂಚಿನಲ್ಲಿ ತರೀಕೆರೆಯ ಸಾಬರ ಮನೆ ಅಜ್ಜಿಯೊಬ್ಬರು ಮೊಮ್ಮಗಳನ್ನು ಮಲಗಿಸಿಕೊಂಡು ಕೂತಿದ್ದರು. ಅಷ್ಟೂ ಕೇಳಿಸಿಕೊಂಡು, "ಏನಮ್ಮಾ, ಮೊದ್ಲು ಬದುಕಿರೋನ್ನ ನೋಡ್ಕೊಳ್ಳಿ. ಸತ್ತೋರನ್ನ ಅಲ್ಲಾ ನೋಡ್ಕೊಳ್ತಾನೆ" ಅಂತ ನನ್ನ ಕೈಗೆ ಎರಡು ಖರ್ಜೂರ ಇಟ್ಟರು. ನಾಲಗೆ ಸೀಳಿತ್ತು, ತಿನ್ನೋಕಾಗಲಿಲ್ಲ. ಆದರೂ ಆ ದಿನ ನನಗೆ ಸಿಕ್ಕ ಒಂದೇ ಸಮಾಧಾನ ಅದು.

ಡಾಕ್ಟರು ತಲೆಗೆ ವೈರು ಅಂಟಿಸಿ ನೋಡಿ ಕಾಯಿಲೆ ಹೆಸರು ಹೇಳಿದರು. "ಆ ವಾಸನೆ, ಆ ಭಯ ಇವೆಯಲ್ಲ, ಅವೇ ಫಿಟ್ಸು. ಹೊರಗೆ ಎಲ್ಲೂ ಏನೂ ಸುಡ್ತಿಲ್ಲ. ಮಾತ್ರೆ ಒಂದು ದಿನಾನೂ ತಪ್ಪಿಸ್ಬೇಡಿ" ಅಂದರು. ನಾಲ್ಕು ತಿಂಗಳು ತಪ್ಪಿಸಲಿಲ್ಲ. ವಾಸನೆ ಬರಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯೋ ಕೆಲಸ ಇರ್ತಿರಲಿಲ್ಲ.

ನಮ್ಮಪ್ಪ ಇನ್ನಾಸಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ. ಹಗಲೆಲ್ಲ ಹಳಿ ಮೇಲೆ ಸುತ್ತಿಗೆ ಬೀಸಿ, ಕುಡಿದು ಬಂದು ಅಮ್ಮನ ಮೇಲೆ ಕೈ ಬೀಸ್ತಿದ್ದ. ಸಾರಿಗೆ ಉಪ್ಪು ಜಾಸ್ತಿ ಅಂತ ಒಮ್ಮೆ ಅವಳ ಎಡಗೈಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ಎಳೆದ. ಮೂಳೆ ಮುರಿದ ಸದ್ದು ನಾನು ಕೇಳಿದೀನಿ, ಆಗ ನನಗೆ ಒಂಬತ್ತು ವರ್ಷ. ಆ ಮೊಣಕೈ ಇವತ್ತಿಗೂ ನೆಟ್ಟಗಾಗಲ್ಲ. ಕೊನೆಗೆ ಅವನ ಈಲಿ ಕೊಳೆತು ರಕ್ತ ಕಾರಿಕೊಂಡು ಸತ್ತ. ಫಾದರ್ ಎಣ್ಣೆ ಹಚ್ಚಿ ಪ್ರಾರ್ಥನೆ ಹೇಳೋಕೆ ಬರೋಷ್ಟರಲ್ಲಿ ಜೀವ ಹೋಗಿತ್ತು. ಕ್ಷಮೆ ಕೇಳದೇ ಹೋದರು ಅನ್ನೋದೊಂದೇ ಅಮ್ಮನ ಕೊರಗು. ಪ್ರತಿ ವರ್ಷ ಸತ್ತವರ ಹಬ್ಬಕ್ಕೆ ಸಮಾಧಿಗೆ ಸುಣ್ಣ ಬಳಿದು, ಮೇಣದ ಬತ್ತಿ ಹಚ್ಚಿ, ಪೂಜೆ ಕೊಡಿಸಿ, ಮೊಣಕಾಲೂರಿ ಕೂರ್ತಿದ್ದಳು. ನಾನು ಗೇಟಿನ ಹೊರಗೆ ನಿಂತಿರ್ತಿದ್ದೆ.

ಭಾವ, ಅಂದರೆ ಸ್ಟೆಲ್ಲಾಳ ಅಣ್ಣ, ಹುಟ್ಟಿದಾಗ ಚಿನ್ನಪ್ಪ. ನೀರಲ್ಲಿ ಮುಳುಗಿ ದೀಕ್ಷಾಸ್ನಾನ ತಗೊಂಡ ಮೇಲೆ ಸ್ಯಾಮುಯೆಲ್. ಅವನು ಮೋಸಗಾರ ಅಲ್ಲ, ಅದನ್ನು ಹೇಳಲೇಬೇಕು. ಅವನೂ ಕುಡುಕನಾಗಿದ್ದ, ಆ ಮಂದಿರದಿಂದಲೇ ಮನುಷ್ಯನಾದ. ನನ್ನ ಅಂಗಡಿ ಬಾಗಿಲು ಹಾಕಿದ್ದ ತಿಂಗಳಲ್ಲಿ ಮನೆಗೆ ಅಕ್ಕಿ ಹೊತ್ತು ತಂದವರು ಅವನ ಮಂದಿರದವರು. ಒಂದು ದಿನ ಬಂದು ಪಕ್ಕ ಕೂತು, "ಫಿಟ್ಸ್ ಬರೋ ಮುಂಚೆ ಏನಾಗುತ್ತೆ ಚೌರಿ, ಬಿಡಿಸಿ ಹೇಳು" ಅಂದ.

"ಸುಡೋ ವಾಸನೆ. ಭಯ. ತಪ್ಪಿಸ್ಕೊಳ್ಳೋಕೆ ದಾರಿನೇ ಇಲ್ಲ ಅನ್ಸುತ್ತೆ."

ಭಾವ ನನ್ನ ಎರಡೂ ಕೈ ಹಿಡ್ಕೊಂಡ. "ನೀನು ನೋಡಿ ಬಂದಿರೋದು ನರಕ ಕಣೋ. ದೇವರು ನಿಂಗೆ ತೋರ್ಸಿದಾನೆ, ಹೋಗಿ ಜನಕ್ಕೆ ಹೇಳು ಅಂತ. ಮಾತ್ರೆ ಕೊಟ್ಟು ಆ ಕಣ್ಣು ಮುಚ್ಚಿಸಿದಾರೆ ಅಷ್ಟೇ."

ಅಯ್ಯೋ, ಎಂಥ ಖುಷಿಯಾಯ್ತು ಅಂತೀರಿ. ಊರವರ ಬಾಯಲ್ಲಿ ಫಿಟ್ಸ್ ಚೌರಿ ಆಗಿದ್ದವನು ಒಂದೇ ಮಾತಿಗೆ ದೇವರು ಆರಿಸಿಕೊಂಡ ಮನುಷ್ಯ ಆಗಿಬಿಟ್ಟೆ. ಆ ಮಂದಿರಗಳಲ್ಲಿ ಸಾಕ್ಷಿ ಹೇಳೋ ಪದ್ಧತಿ ಇದೆ. ತನಗೆ ದೇವರು ಮಾಡಿದ್ದನ್ನು ಎದ್ದು ನಿಂತು ಎಲ್ಲರ ಮುಂದೆ ಹೇಳಬೇಕು. ತರೀಕೆರೆಯಲ್ಲಿ ಮೊದಲ ಸಲ ಹೇಳಿದೆ, ಹೆಂಗಸರು ಅತ್ತರು. ಎರಡನೇ ಸಲ ವಾಸನೆಗೆ ಹೊಗೆ ಸೇರಿಸಿದೆ. ಮೂರನೇ ಸಲ ಕಿರುಚಾಟ ಸೇರಿಸಿದೆ. ಅದು ಸುಳ್ಳು ಅಂತ ನನಗೆ ಅನ್ನಿಸಲೇ ಇಲ್ಲ, ಆ ಭಯ ಮಾತ್ರ ನಿಜವಾಗಿತ್ತಲ್ಲ. ವಾಸನೆ ಮತ್ತೆ ಬರಲಿ ಅಂತ ಮಾತ್ರೆ ಒಂದು ದಿನ ಬಿಟ್ಟು ಒಂದು ದಿನ ತಗೊಂಡೆ, ಆಮೇಲೆ ಪೂರ್ತಿ ಬಿಟ್ಟೆ. ಬಿಡು ಅಂತ ಭಾವನೂ ಹೇಳಲಿಲ್ಲ, ತಗೋ ಅಂತಲೂ ಹೇಳಲಿಲ್ಲ. ಬಿಟ್ಟಿದ್ದು ನಾನು.

ಅಜ್ಜಂಪುರದಲ್ಲಿ ದೊಡ್ಡ ಕೂಟ ಇತ್ತು. ಅತ್ತೆ ಒಂದು ಸಲ ಕಿವಿಯಾರೆ ಕೇಳಲಿ ಅಂತ ಸ್ಟೆಲ್ಲಾ ಅಮ್ಮನನ್ನೂ ಕರೆತಂದು ಹಿಂದಿನ ಚಾಪೆಯ ಮೇಲೆ ಕೂರಿಸಿದ್ದಳು. ನಾನು ಬೆಂಕಿ ಹೇಳಿದೆ, ಹೊಗೆ ಹೇಳಿದೆ. ಜನ ಉಸಿರು ಬಿಗಿಹಿಡಿದು ಕೂತಿದ್ದರು. ಆಗ ಭಾವ ಮೈಕಿನಲ್ಲಿ, "ಅಲ್ಲಿ ಗುರುತಿನವರು ಯಾರಾದ್ರೂ ಕಂಡ್ರಾ ಸಹೋದರ?" ಅಂದ.

"ನಮ್ಮಪ್ಪ" ಅಂದೆ.

ಒಂದು ಕ್ಷಣ ಕೂಡ ಯೋಚಿಸಲಿಲ್ಲ, ಮೂವತ್ತು ವರ್ಷದಿಂದ ಆ ಮಾತು ಬಾಯಲ್ಲೇ ಕೂತಿತ್ತೇನೋ. ಕೆಂಪಗೆ ಕಾದ ಹಳಿ ಮೇಲೆ ಬರಿಗಾಲಲ್ಲಿ ನಿಂತಿದ್ದಾನೆ ಅಂದೆ. ಬಲಗೈ ಮೊಣಕೈ ತನಕ ಉರೀತಿದೆ, ಮಾಂಸ ಕಳಚಿ ಬೀಳುತ್ತೆ, ಮತ್ತೆ ಬೆಳೆಯುತ್ತೆ, ಮತ್ತೆ ಉರಿಯುತ್ತೆ ಅಂದೆ. ನೀರು ನೀರು ಅಂತ ಕೂಗ್ತಿದ್ದಾನೆ ಅಂದೆ. ಹೇಳ್ತಾ ಹೇಳ್ತಾ ಹೊಟ್ಟೆ ತಣ್ಣಗಾಯ್ತು. ಕಣ್ಣೆತ್ತಿ ನೋಡಿದರೆ ಅಮ್ಮ ಎದ್ದು, ಚಪ್ಪಲಿ ಹುಡುಕಿ ಹಾಕ್ಕೊಂಡು, ಒಬ್ಬಳೇ ಬಸ್ ಸ್ಟ್ಯಾಂಡಿನ ಕಡೆ ಹೋಗ್ತಿದ್ದಳು.

ಮನೆಗೆ ಬಂದಾಗ ಅವಳು ಕೇಳಿದ್ದು ಎರಡೇ ಮಾತು. "ಅವರು ನಿನ್ನ ಗುರುತು ಹಿಡಿದ್ರಾ?" ಅಂದಳು. "ಯಾರೂ ನೀರು ಕೊಡ್ಲಿಲ್ವಾ?" ಅಂದಳು. ನಾನು ಆಗಲಾದರೂ ನಿಜ ಹೇಳಬೋದಿತ್ತು. ಹೇಳಲಿಲ್ಲ, ಎದ್ದು ಅಂಗಡಿಗೆ ಹೋದೆ.

ಮಾರನೇ ದಿನದಿಂದ ಅಮ್ಮ ಜಪಸರ ಮುಟ್ಟಲಿಲ್ಲ. ನರಕಕ್ಕೆ ಹೋದವರಿಗೆ ಪೂಜೆ ಮುಟ್ಟಲ್ಲ ಅಂತ ಅವಳಿಗೆ ಚಿಕ್ಕಂದಿನಲ್ಲೇ ಕಲಿಸಿದ್ದರು, ಮುಟ್ಟದ ಮೇಲೆ ಯಾಕೆ ಅಂದಳು. ಫಾದರ್ ಮನೆಗೇ ಬಂದು, "ಅನ್ನಮ್ಮಾ, ಇಂಥವರು ನರಕದಲ್ಲಿದ್ದಾರೆ ಅಂತ ನಮ್ಮ ಧರ್ಮಸಭೆ ಇವತ್ತಿನ ತನಕ ಯಾರ ಹೆಸರನ್ನೂ ಹಿಡಿದು ಹೇಳಿಲ್ಲ. ಅದನ್ನ ಹೇಳೋ ಅಧಿಕಾರ ನಮಗಿಲ್ಲ" ಅಂದರು. "ನೀವು ನೋಡಿಲ್ಲ ಫಾದರ್, ಇವನು ನೋಡಿ ಬಂದಿದಾನೆ" ಅಂತ ಅಮ್ಮ ನನ್ನ ಕಡೆ ಕೈ ತೋರಿಸಿದಳು. ಏಪ್ರಿಲ್ ತಿಂಗಳು, ಕಡೂರಿನ ಬಿಸಿಲು ನಿಮಗೆ ಗೊತ್ತಲ್ಲ. ಇಡೀ ದಿನಕ್ಕೆ ಒಂದು ಲೋಟ ನೀರು ಕುಡಿಯೋಕೆ ಶುರು ಮಾಡಿದಳು. ಕೇಳಿದರೆ ಬಾಯಾರಿಕೆ ಇಲ್ಲ ಅನ್ನೋಳು. ತುಟಿ ಒಡೆದು ರಕ್ತ ಬರ್ತಿತ್ತು, ಉಚ್ಚೆ ಉರಿ ಬಂದು ಜ್ವರ ಕಾಯ್ತಿತ್ತು. ಕಣ್ಣಮುಂದೆ ಅಮ್ಮ ಒಣಗಿ ಹೋಗ್ತಿದ್ದಳು, ಒಣಗಿಸ್ತಾ ಇದ್ದವನು ನಾನು.

ಮಾತ್ರೆ ಬಿಟ್ಟ ಫಲ ಮೇ ತಿಂಗಳಲ್ಲಿ ಬಂತು. ಒಂದು ಮಧ್ಯಾಹ್ನ ಮನೆಯಲ್ಲೇ ಬಿದ್ದೆ. ಒಂದು ನಿಲ್ಲೋ ಮುಂಚೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಮುಂದಿನದು ನನಗೆ ನೆನಪಿಲ್ಲ, ಸ್ಟೆಲ್ಲಾ ಹೇಳಿದ್ದು. ಅವಳು ಹೆದರಿ ಅಣ್ಣನಿಗೆ ಫೋನ್ ಮಾಡಿದಳು. ಅವನು ಆವತ್ತು ಕಡೂರಿಗೇ ಬಂದಿದ್ದ, ಇನ್ನಿಬ್ಬರನ್ನು ಕರ್ಕೊಂಡು ಬಂದ. ಇದು ಕಾಯಿಲೆ ಅಲ್ಲ, ಇವನ ಸಾಕ್ಷಿ ನಿಲ್ಲಿಸೋಕೆ ಸೈತಾನ ಒಳಗೆ ಹೊಕ್ಕಿದಾನೆ ಅಂದ. ಒಬ್ಬ ಕಾಲ ಮೇಲೆ ಕೂತ, ಇನ್ನೊಬ್ಬ ಬಲಗೈ ತಿರುಚಿ ನೆಲಕ್ಕೆ ಒತ್ತಿದ, ಭಾವ ಎದೆ ಮೇಲೆ ಮೊಣಕಾಲೂರಿ, "ಬಿಟ್ಟು ಹೋಗು, ಬಿಟ್ಟು ಹೋಗು" ಅಂತ ಕೆನ್ನೆಗೆ, ಕಿವಿಗೆ, ಎದೆಗೆ ಹೊಡೆದ. ನನ್ನ ಮೈ ಎಗರಿದಷ್ಟೂ ಅವರು ಒತ್ತಿದರು. ಭುಜದ ಮೂಳೆ ಗೂಡಿನಿಂದ ಕಳಚಿಕೊಂಡು ಬಂತು. ಮೂಗಿನಿಂದ ರಕ್ತ ಸುರಿದು ಭಾವನ ಅಂಗಿಯೆಲ್ಲ ಕೆಂಪಾಯ್ತು.

ಅಮ್ಮ ಅಡಿಗೆ ಮನೆಯಲ್ಲಿ ಮುದ್ದೆ ತಿರುವ್ತಾ ಇದ್ದಳಂತೆ. ಜ್ವರದ ಮೈ. ಬಿಸಿ ಹಿಟ್ಟು ಮೆತ್ತಿದ ಮುದ್ದೆ ಕೋಲು ಹಿಡ್ಕೊಂಡೇ ಬಂದು ಒಂದು ಮಾತೂ ಆಡದೆ ಭಾವನ ಮಣಿಕಟ್ಟಿಗೆ ಬಿಟ್ಟಳು. ಮೂಳೆ ಮುರೀತು. ಕಾಲ ಮೇಲೆ ಕೂತವನ ಬೆನ್ನಿಗೆ ಎರಡು ಬಿಟ್ಟಳು. ಅವನು ಓಡಿದ. ಮೂರನೆಯವನು ತಾನೇ ಕೈ ಬಿಟ್ಟ. "ನನ್ನ ಮನೇಲಿ ಹೊಡೆಯೋ ಗಂಡಸು ಒಬ್ಬ ಇದ್ದ, ಅವನು ಸತ್ತ. ಇನ್ನೊಬ್ಬ ಬೇಡ" ಅಂದಳಂತೆ. ಆಮೇಲೆ ಸ್ಟೆಲ್ಲಾನ ರೆಟ್ಟೆ ಹಿಡಿದು ಎಬ್ಬಿಸಿ, "ಆಟೋ ಕರಿ" ಅಂದಳಂತೆ.

ಮೂರು ದಿನ ಐಸಿಯು. ನಾಲ್ಕನೇ ದಿನ ವಾರ್ಡಿಗೆ ಹಾಕಿದರು. ಭುಜಕ್ಕೆ ಕಟ್ಟು, ಎಡಗಿವಿ ಇವತ್ತಿಗೂ ಸರಿಯಾಗಿ ಕೇಳಲ್ಲ. ಅಮ್ಮ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ನರ್ಸ್ ಕೊಟ್ಟ ನೀರಿನ ಬಾಟಲಿ ಪಕ್ಕದಲ್ಲೇ ಇತ್ತು, ಮುಚ್ಚಳ ಕೂಡ ತೆಗೆದಿರಲಿಲ್ಲ. ಅದನ್ನು ನೋಡಿ ನನಗೆ ತಡೆಯೋಕಾಗಲಿಲ್ಲ.

"ಅಮ್ಮ, ನಾನು ಅಪ್ಪನ್ನ ನೋಡ್ಲಿಲ್ಲ."

"ನನ್ನ ಸಮಾಧಾನಕ್ಕೆ ಹೇಳ್ಬೇಡ."

"ಯಾರನ್ನೂ ನೋಡಿಲ್ಲ. ಬರೀ ವಾಸನೆ, ಬರೀ ಭಯ, ಡಾಕ್ಟ್ರನ್ನೇ ಕೇಳು. ಹಳಿ, ಕೈ, ನೀರು, ಎಲ್ಲ ನಾನೇ ಕಟ್ಟಿದ್ದು."

ಅಮ್ಮ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. "ಯಾಕೋ?" ಅಂದಳು.

"ಅವನು ಅಲ್ಲಿರ್ಬೇಕು ಅಂತ ನನಗೆ ಆಸೆ. ಈಗ್ಲೂ ಇದೆ."

ಎಡಗೈಯಲ್ಲೇ ಕಪಾಳಕ್ಕೆ ಹೊಡೆದಳು. ನೆಟ್ಟಗಾಗದ ಕೈ, ಏಟು ಗಲ್ಲಕ್ಕೆ ಬಿತ್ತು. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಆಮೇಲೆ ಬಾಟಲಿ ಮುಚ್ಚಳ ತೆಗೆದು ಅರ್ಧ ಬಾಟಲಿ ಗಟಗಟ ಕುಡಿದು, ಸೆರಗಲ್ಲಿ ಬಾಯಿ ಒರೆಸಿಕೊಂಡು, "ಎಲ್ಲಿ ಹೇಳಿದ್ಯೋ ಅಲ್ಲೇ ಹೋಗಿ ಅಷ್ಟೂ ಜನರ ಮುಂದೆ ಇಲ್ಲ ಅನ್ನು. ಅವರ ಹೆಸರನ್ನ ಅಲ್ಲಿ ಬಿಟ್ಟು ಬಂದಿದೀಯ, ಎತ್ಕೊಂಡು ಬಾ" ಅಂದಳು.

ಎರಡು ತಿಂಗಳಾದ ಮೇಲೆ ಅಜ್ಜಂಪುರದಲ್ಲಿ ಮತ್ತೆ ಭಾನುವಾರದ ಕೂಟ ಇತ್ತು. ನಾನು, ಅಮ್ಮ, ಸ್ಟೆಲ್ಲಾ ಹೋದೆವು. ಭಾವನ ಕೈಗೆ ಇನ್ನೂ ಬ್ಯಾಂಡೇಜ್ ಇತ್ತು. ಆಸ್ಪತ್ರೆಗೆ ಬಂದು ನನ್ನ ಕಾಲು ಹಿಡಿದು ಅತ್ತಿದ್ದ, ಆದರೆ ಇದಕ್ಕೆ ಮಾತ್ರ ಬೇಡ ಅಂದ. "ಚೌರಿ, ನಿನ್ನ ಮಾತು ಕೇಳಿ ಎಷ್ಟೋ ಜನ ಕುಡಿಯೋದು ಬಿಟ್ಟಿದಾರೆ. ಅವರ ಗತಿ ಏನು?" ಅಂದ. ಆದರೂ ಎದ್ದು ನಿಂತೆ. ನನಗಿರೋದು ಫಿಟ್ಸ್, ನಾನು ನರಕ ನೋಡಿಲ್ಲ, ಅಪ್ಪನನ್ನು ನೋಡಿದೆ ಅಂದಿದ್ದು ಸುಳ್ಳು ಅಂದೆ. ಗಲಾಟೆ ಎದ್ದಿತು. ಒಬ್ಬ ಬಂದು ಕೊರಳಪಟ್ಟಿ ಹಿಡಿದ, ಕಟ್ಟಿದ್ದ ಭುಜಕ್ಕೆ ಗುದ್ದಿದ, ಕಣ್ಣು ಕತ್ತಲೆ ಬಂತು. ಭಾವನೇ ಅಡ್ಡ ಬಂದು ಬಿಡಿಸಿದ. ಮುಂದಿನ ಸಾಲಿನಿಂದ ಯಾರೋ ಎದ್ದು ಕೇಳಿದರು, "ಹಂಗಾದ್ರೆ ನಿಮ್ಮಪ್ಪ ಎಲ್ಲಿದಾನೆ? ರಕ್ಷಣೆ ಇಲ್ದೆ ಸತ್ತೋನು ತಾನೆ?"

ಹಿಂದಿನ ಚಾಪೆಯಿಂದ ಅಮ್ಮ ಎದ್ದಳು. ಮೈಕು ಇಲ್ಲ, ಕೂಗಲೂ ಇಲ್ಲ. "ಎಲ್ಲಿದಾರೆ ಅಂತ ನಂಗೂ ಗೊತ್ತಿಲ್ಲ ಕಣಪ್ಪಾ. ಈ ಕೈ ಮುರಿದಿದ್ದು ಅವರು" ಅಂತ ಎಡಗೈ ಎತ್ತಿ ತೋರಿಸಿದಳು. ಅದು ಅರ್ಧಕ್ಕೇ ನಿಂತಿತು. "ಓದು ಬರದ ಹೆಂಗಸು ನಾನು, ನಾನೇ ಅವರನ್ನ ಕ್ಷಮಿಸಿದೀನಿ. ದೇವರು ನನಗಿಂತ ಕೆಟ್ಟೋನಾ?"

ಭಾವ ತಲೆ ತಗ್ಗಿಸಿ ನಿಂತಿದ್ದ. ನಾನೂ ಅಮ್ಮನೂ ಹೊರಗೆ ಬಂದೆವು. ಸ್ಟೆಲ್ಲಾ ಒಂದು ಕ್ಷಣ ಅಲ್ಲೇ ನಿಂತು ಆಮೇಲೆ ಹಿಂದೆ ಬಂದಳು. ಅವಳು ಈಗಲೂ ತರೀಕೆರೆಯ ಮಂದಿರಕ್ಕೆ ಹೋಗ್ತಾಳೆ, ಹೋಗೋ ಮುಂಚೆ ನನ್ನ ಮಾತ್ರೆ ಎಣಿಸಿ ಇಟ್ಟು ಹೋಗ್ತಾಳೆ.

ಬಸ್ಸಿನಲ್ಲಿ ಅಮ್ಮ ಕಿಟಕಿ ಪಕ್ಕ ಕೂತಿದ್ದಳು. ಹೊರಗೆ ನೋಡ್ತಾನೇ ಕೇಳಿದಳು, "ನೀನು ಕ್ಷಮಿಸಿಬಿಟ್ಯಾ ಅವರನ್ನ?"

ಸುಳ್ಳು ಹೇಳಿ ಸಾಕಾಗಿತ್ತು. "ಇಲ್ಲಮ್ಮ. ಇನ್ನೂ ಇಲ್ಲ."

"ಆತುರ ಏನಿಲ್ಲ. ಅವರು ಕಾಯ್ತಾರೆ" ಅಂದಳು. ಬಸ್ಸು ಸ್ವಲ್ಪ ದೂರ ಹೋಯ್ತು. ಅಮ್ಮ ನನ್ನ ಕಡೆ ತಿರುಗಿ, ತುಟಿ ನೆಕ್ಕಿಕೊಂಡು, ಬೇರೆ ಯಾರಿಗೂ ಕೇಳಿಸದ ಹಾಗೆ ಅಂದಳು: "ಆದ್ರೂ ತೀರಾ ತಡ ಮಾಡ್ಬೇಡ ಕಣೋ. ಅಲ್ಲಿ ಸುಡುತ್ತೆ."